ಡಿಜೆಗೆ ಕೇಳಬೇಕಾದ್ದು ವ್ಯಾಟ್ ಎಷ್ಟು ಅಂತ ಅಲ್ಲ ಸ್ವಾಮೀ...

ಆಗ ತಾನೇ ಕಾಲೇಜು ಮುಗಿಸಿ ಬಂದ ಹುಡುಗನನ್ನು ಕೆಲಸಕ್ಕೆ ತಗೊಳ್ಳೋಕೆ ನಮ್ಮ ಸಾಫ್ಟ್‌ವೇರ್ ಕಂಪನಿಗಳಲ್ಲಿ ನಾಲ್ಕು ರೌಂಡು ಇಂಟರ್‌ವ್ಯೂ ಮಾಡ್ತೀವಿ. ಒಂದು ಆನ್‌ಲೈನ್ ಟೆಸ್ಟು, ಎರಡು ಟೆಕ್ನಿಕಲ್ ರೌಂಡು, ಕೊನೆಗೊಂದು ಎಚ್.ಆರ್. ಅವನು ಬರೆಯೋ ಕೋಡು ಯಾರ ಕಣ್ಣಿಗೂ ಬೀಳದೆ ಎರಡು ವರ್ಷ ಮೂಲೆಯಲ್ಲಿ ಬಿದ್ದಿರತ್ತೆ ಅಂತ ಗೊತ್ತಿದ್ದರೂ ಅಷ್ಟೂ ಪ್ರಶ್ನೆ ಕೇಳೇ ಕೇಳ್ತೀವಿ. ಅದೇ ನಾವು, ನಮ್ಮ ಮನೆ ಮದುವೆಯ ರಿಸೆಪ್ಷನ್ನಿಗೆ ಐನೂರು ಜನರ ಕಿವಿಯನ್ನು ಮೂರು ಗಂಟೆ ಹೊತ್ತು ಒಬ್ಬ ಅಪರಿಚಿತನ ಕೈಗೆ ಒಪ್ಪಿಸುವಾಗ ಕೇಳೋದು ಎರಡೇ ಪ್ರಶ್ನೆ. "ಎಷ್ಟು ವ್ಯಾಟು?" "ಎಷ್ಟು ರೇಟು?" ಮುಗೀತು. ಸೆಲೆಕ್ಟೆಡ್!

ಈ ಬರಹ ಆ ಎರಡು ಪ್ರಶ್ನೆಗಳ ವಿರುದ್ಧ. ಡಿಜೆಗಳ ವಿರುದ್ಧ ಅಲ್ಲ, ಅದನ್ನು ಮೊದಲೇ ಹೇಳಿಬಿಡ್ತೀನಿ. ಇಲ್ಲದಿದ್ದರೆ ಕೆಳಗೆ ಬಂದು "ನಿಮಗೆ ವಯಸ್ಸಾಯ್ತು ಬಿಡಿ" ಅಂತ ಒಬ್ಬರು, "ಸರಿಯಾಗಿ ಹೇಳಿದ್ರಿ, ಇದೆಲ್ಲ ನಮ್ಮ ಸಂಸ್ಕೃತಿಯೇ ಅಲ್ಲ" ಅಂತ ಇನ್ನೊಬ್ಬರು ಶುರು ಮಾಡ್ತೀರಿ. ಇಬ್ಬರಿಗೂ ಉತ್ತರ ಇದೆ, ಸ್ವಲ್ಪ ತಾಳಿ.

ವಿಷಯ ಇಷ್ಟು. ನಮ್ಮ ಚಿಕ್ಕಮ್ಮನ ಮಗಳ ಮದುವೆ. ಮನೆ ಇರೋದು ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ, ಗೊತ್ತು ಮಾಡಿದ ಛತ್ರವೂ ಅದೇ ಬಡಾವಣೆಯಲ್ಲಿ, ನಡೆದುಕೊಂಡು ಹೋಗುವಷ್ಟು ಹತ್ತಿರ. ಅಡುಗೆಯವರನ್ನು ಗೊತ್ತು ಮಾಡುವ ಕೆಲಸ ಚಿಕ್ಕಪ್ಪನದ್ದು. ಹೂವಿನವರು, ವಾಲಗದವರು, ಪುರೋಹಿತರು ಎಲ್ಲ ದೊಡ್ಡಪ್ಪನ ಪಾಲು. ಡಿಜೆ ವಿಷಯ ಬಂದಾಗ ಮಾತ್ರ ಎಲ್ಲರೂ ನನ್ನ ಕಡೆ ತಿರುಗಿದರು. "ನೀನು ಇಂಜಿನಿಯರ್ರು ತಾನೇ? ಆ ಸೌಂಡಿನವನ ಹತ್ರ ನೀನೇ ಮಾತಾಡಪ್ಪ." ಇಂಜಿನಿಯರ್ ಅಂದ ಮೇಲೆ ಫ್ಯಾನು ರಿಪೇರಿಯಿಂದ ಹಿಡಿದು ಸ್ಪೀಕರ್ ತನಕ ಎಲ್ಲ ಬರಬೇಕು, ಅದು ನಮ್ಮ ಕರ್ಮ :-)

ಚಿಕ್ಕಪ್ಪ ಅಡುಗೆ ಕಂಟ್ರಾಕ್ಟರನ್ನು ಹೇಗೆ ಇಂಟರ್‌ವ್ಯೂ ಮಾಡಿದರು ಅನ್ನೋದನ್ನು ನೀವು ನೋಡಬೇಕಿತ್ತು. ಒಂದೂವರೆ ಗಂಟೆ! ಹುಳಿಗೆ ಬೇಳೆ ಎಷ್ಟು, ಹೋಳಿಗೆಗೆ ಬೆಲ್ಲ ಯಾವುದು, ತುಪ್ಪ ನಾವೇ ತಂದುಕೊಟ್ಟರೆ ಎಷ್ಟು ಕಡಿಮೆ ಮಾಡ್ತೀರಿ, ಮೊದಲ ಪಂಕ್ತಿಗೆ ಬಡಿಸಿದ ಪಲ್ಯವೇ ಕೊನೆ ಪಂಕ್ತಿಗೂ ಇರತ್ತಾ, ಡಯಾಬಿಟಿಸ್ ಇರೋರಿಗೆ ಏನು. ಕೊನೆಯಲ್ಲಿ ಅವರು ಹೇಳಿದ ಮಾತು ಇದು: "ಬಿಸಿಬೇಳೆ ಬಾತ್‌ಗೆ ಖಾರ ಕಮ್ಮಿ ಇರಲಿ ಭಟ್ರೇ. ವಯಸ್ಸಾದವರು, ಮಕ್ಕಳು ಎಲ್ಲ ಇರ್ತಾರೆ. ಖಾರ ಬೇಕಾದವರು ಬಾಳಕದ ಮೆಣಸಿನಕಾಯಿ ಕಚ್ಕೋತಾರೆ."

ಎಂಥಾ ವಿವೇಕ ನೋಡಿ! ಎಲ್ಲರೂ ಉಣ್ಣುವ ಅನ್ನದಲ್ಲಿ ಖಾರ ಹದವಾಗಿರಬೇಕು, ಹೆಚ್ಚು ಬೇಕಾದವನು ತನ್ನ ಎಲೆಗೆ ತಾನು ಹಾಕಿಸಿಕೊಳ್ಳಬೇಕು. ಇದೇ ಚಿಕ್ಕಪ್ಪ ಮರುದಿನ ನನಗೆ ಹೇಳಿದ್ದು, "ಡಿಜೆಯವನಿಗೆ ಹೇಳಿಬಿಡು, ಸೌಂಡು ಮಾತ್ರ ಜಬರ್ದಸ್ತಾಗಿರಬೇಕು. ಹೋದ ತಿಂಗಳು ಅವರ ಮನೆ ಮದುವೆಯಲ್ಲಿ ಕಿಟಕಿ ಗಾಜೆಲ್ಲ ಅಲ್ಲಾಡ್ತಿತ್ತು." ನಾಲಿಗೆಗೆ ಇರೋ ಮರ್ಯಾದೆ ಕಿವಿಗೆ ಯಾಕಿಲ್ಲ ಅನ್ನೋದೇ ನನ್ನ ಪ್ರಶ್ನೆ.

ಮೊದಲು ಸಂಸ್ಕೃತಿಯವರಿಗೆ ಉತ್ತರ ಹೇಳಿಬಿಡ್ತೀನಿ. ಡಿಜೆ ಅನ್ನೋದು ಹೊರಗಿನಿಂದ ಬಂದದ್ದು, ನಿಜ. ಆದರೆ ಮೈಸೂರಿನವರು ಈ ಮಾತು ಆಡಬಾರದು. ಅರಮನೆಯಲ್ಲೇ ಇಂಗ್ಲಿಷ್ ಬ್ಯಾಂಡು ಇಟ್ಟುಕೊಂಡಿದ್ದ ಊರು ನಮ್ಮದು. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನನ್ನು ಮೊದಲು ಕಂಡು ಮರುಳಾದದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ. ಬೆಲ್ಜಿಯಂನವನೊಬ್ಬ ಕಂಡುಹಿಡಿದ ಆ ವಾದ್ಯದಲ್ಲಿ ಅವರು ಕರ್ನಾಟಕ ಸಂಗೀತ ನುಡಿಸಿದರು. 2019ರಲ್ಲಿ ಅವರು ತೀರಿಕೊಂಡಾಗ ಅದನ್ನು ಪರದೇಶದ ವಾದ್ಯ ಅಂತ ಯಾರೂ ನೆನಪು ಮಾಡಿಕೊಳ್ಳಲಿಲ್ಲ. ಪಿಟೀಲಂತೂ ಯುರೋಪಿನದೇ. ನಮ್ಮ ಪಿಟೀಲು ಚೌಡಯ್ಯನವರು ಅದಕ್ಕೆ ನಾಲ್ಕರ ಬದಲು ಏಳು ತಂತಿ ಕಟ್ಟಿದರು. ಯಾಕೆ ಗೊತ್ತಾ? ಸದ್ದು ಸಾಲದು ಅಂತ! ಮೈಕು ಇಲ್ಲದ ಕಾಲ, ಹಿಂದಿನ ಸಾಲಿನಲ್ಲಿ ಕೂತವನಿಗೂ ಕೇಳಬೇಕಿತ್ತು. ಅಂದರೆ ಸದ್ದು ಜಾಸ್ತಿ ಮಾಡೋದೇ ಪಾಪ ಅಂತ ನಮ್ಮೂರು ಯಾವತ್ತೂ ಹೇಳಿಲ್ಲ. ಸದ್ದು ಯಾರಿಗಾಗಿ ಅನ್ನೋದು ಅವರಿಗೆ ಗೊತ್ತಿತ್ತು, ಅಷ್ಟೇ.

ನಮ್ಮ ಮದುವೆಯಲ್ಲೇ ಇರುವ ಗಟ್ಟಿಮೇಳವನ್ನೇ ತಗೊಳ್ಳಿ. ಮಾಂಗಲ್ಯಧಾರಣೆ ಹೊತ್ತಿಗೆ ಪುರೋಹಿತರು ಕೈ ಎತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅಂತಾರೆ. ಡೋಲು ಮೈಯೆಲ್ಲ ನಡುಗುವ ಹಾಗೆ ಬಾರಿಸತ್ತೆ, ನಾಗಸ್ವರ ಏರತ್ತೆ. ಯಾರೋ ಸೀನಿದ್ದು, ಯಾರೋ ಅತ್ತದ್ದು, ಯಾವ ಅಪಶಕುನದ ಸದ್ದೂ ಕೇಳಬಾರದು ಅಂತ ಆ ಏರ್ಪಾಡು. ಎಷ್ಟು ಹೊತ್ತು? ಒಂದೆರಡು ನಿಮಿಷ. ತಾಳಿ ಕಟ್ಟಿದ್ದಾಯಿತು, ಅಕ್ಷತೆ ಬಿತ್ತು, ವಾಲಗ ತಾನಾಗಿ ಇಳಿದು ಮೆಲ್ಲಗೆ ಒಂದು ರಾಗ ಹಿಡಿಯತ್ತೆ. ವಾಲಗದವರ ಒಂದು ಕಣ್ಣು ಯಾವಾಗಲೂ ಪುರೋಹಿತರ ಕೈ ಮೇಲೆ ಇರತ್ತೆ. ಅವರಿಗೆ ಏರಿಸೋದೂ ಗೊತ್ತು, ಇಳಿಸೋದೂ ಗೊತ್ತು. ಅದಕ್ಕಿಂತ ಮುಖ್ಯ, ಯಾರ ಸನ್ನೆಗೆ ಇಳಿಸಬೇಕು ಅನ್ನೋದು ಗೊತ್ತು. ನಮ್ಮ ರಿಸೆಪ್ಷನ್ನುಗಳಲ್ಲಿ ಗಟ್ಟಿಮೇಳ ಸಂಜೆ ಏಳಕ್ಕೆ ಶುರುವಾಗಿ ರಾತ್ರಿ ಹತ್ತಕ್ಕೆ ಮುಗಿಯತ್ತೆ. ಹಾಗಾದರೆ ಆ ಮೂರು ಗಂಟೆ ನಾವು ಯಾವ ಅಪಶಕುನದ ಸದ್ದನ್ನು ಮುಚ್ಚುತ್ತಾ ಇದ್ದೀವಿ? ಬಂಧುಗಳ ಮಾತನ್ನಾ?

ಈಗ ಎರಡನೇ ಗುಂಪಿನವರು, ಅಂದರೆ ನನ್ನ ವಯಸ್ಸಿನವರು. "ಒಂದು ದಿನ ತಾನೇ ಗುರೂ, ಅಡ್ಜಸ್ಟ್ ಮಾಡ್ಕೊಳ್ಳಲಿ ಬಿಡು." ಈ ಒಂದು ದಿನದಲ್ಲಿ ಏನು ನಡೆಯತ್ತೆ ನೋಡೋಣ.

ಹಳೇ ಮೈಸೂರು ಕಡೆ ರಿಸೆಪ್ಷನ್ ಅಂದರೆ ಸಾಮಾನ್ಯವಾಗಿ ಮದುವೆ ಹಿಂದಿನ ಸಂಜೆ. ಮಾರನೇ ದಿನ ಮುಹೂರ್ತಕ್ಕೆ ಹತ್ತಿರದವರು ಬರ್ತಾರೆ, ರಿಸೆಪ್ಷನ್ನಿಗೆ ಊರೇ ಬರತ್ತೆ. ಅಪ್ಪನ ಜೊತೆ ಮೂವತ್ತು ವರ್ಷ ಕೆಲಸ ಮಾಡಿ ರಿಟೈರ್ ಆದವರು, ಅಮ್ಮನ ಹಳೇ ಪಕ್ಕದ ಮನೆಯವರು, ಅಗ್ರಹಾರದಿಂದ, ಚಾಮುಂಡಿಪುರದಿಂದ, ಸರಸ್ವತಿಪುರದಿಂದ ಆಟೋ ಹಿಡಿದು ಬಂದ ಅಜ್ಜ ಅಜ್ಜಿಯರು. ಹೆಚ್ಚಿನವರು ವಧೂವರರನ್ನು ನೋಡೋಕೆ ಬಂದಿರೋದಿಲ್ಲ ಸ್ವಾಮೀ, ವಧೂವರರ ಪರಿಚಯವೇ ಅವರಿಗೆ ಇರೋದಿಲ್ಲ! ಅವರು ಬಂದಿರೋದು ಒಬ್ಬರನ್ನೊಬ್ಬರು ನೋಡೋಕೆ. "ಕಾಲು ನೋವು ಹೇಗಿದೆ?" "ಮಗ ಎಲ್ಲಿದ್ದಾನೆ ಈಗ?" "ಅವರು ಹೋಗಿಬಿಟ್ಟರಂತಲ್ಲ, ಗೊತ್ತೇ ಆಗಲಿಲ್ಲ ನೋಡಿ." ಎಷ್ಟೋ ಜನರಿಗೆ ಇದು ಕೊನೆಯ ಭೇಟಿ. ಉತ್ಪ್ರೇಕ್ಷೆ ಅಲ್ಲ. ಎಂಬತ್ತು ದಾಟಿದ ಇಬ್ಬರು ಗೆಳತಿಯರು ಮುಂದಿನ ಮದುವೆಯಲ್ಲಿ ಸಿಗ್ತೀವಿ ಅಂತ ಯಾವ ಧೈರ್ಯದ ಮೇಲೆ ಹೇಳ್ತಾರೆ?

ಒಂದು ಮೀಟರು ದೂರದಲ್ಲಿ ಕೂತು ಇಬ್ಬರು ಸಹಜವಾಗಿ ಮಾತಾಡಿದರೆ ಆ ಸದ್ದು ಸುಮಾರು 60 ಡೆಸಿಬೆಲ್. ಸ್ಪೀಕರ್ ಎದುರು 95, 100 ಇದ್ದರೆ ಆ ಮಾತು ಎಲ್ಲಿ ಹೋಗಬೇಕು? ಡೆಸಿಬೆಲ್ ಲೆಕ್ಕ ಮಾಮೂಲಿ ಕೂಡೋ ಕಳೆಯೋ ಲೆಕ್ಕ ಅಲ್ಲ. 10 ಏರಿದರೆ ಶಕ್ತಿ ಹತ್ತು ಪಟ್ಟು, 20 ಏರಿದರೆ ನೂರು ಪಟ್ಟು, 40 ಏರಿದರೆ ಹತ್ತು ಸಾವಿರ ಪಟ್ಟು. ಅಜ್ಜಿಯ ಮಾತಿನ ಹತ್ತು ಸಾವಿರ ಪಟ್ಟು ಶಕ್ತಿಯ ಸದ್ದನ್ನು ಅವರ ಪಕ್ಕ ಇಟ್ಟು, "ಊಟ ಮಾಡ್ಕೊಂಡೇ ಹೋಗಬೇಕು" ಅಂತ ಉಪಚಾರ ಬೇರೆ ಹೇಳ್ತೀವಿ. ಕಿವಿಗೆ ಯಂತ್ರ ಹಾಕಿಕೊಂಡವರ ಕಥೆ ಇನ್ನೂ ಕಷ್ಟ. ಅಂಥವರು ರಿಸೆಪ್ಷನ್ನಿನಲ್ಲಿ ಮೊದಲು ಮಾಡೋ ಕೆಲಸ ಆ ಯಂತ್ರ ತೆಗೆದು ಪರ್ಸಿಗೆ ಹಾಕಿಕೊಳ್ಳೋದು. ಆಮೇಲೆ ಅವರ ಪಾಲಿಗೆ ಮದುವೆ ಮೂಕಿ ಸಿನಿಮಾ.

ಕಿವಿಗೆ ಆಗುವ ಪೆಟ್ಟಿನ ಲೆಕ್ಕವೂ ಇದೆ. ಅಮೆರಿಕದ ನಯೋಶ್ ಸಂಸ್ಥೆ ಕಾರ್ಖಾನೆ ಕೆಲಸಗಾರರಿಗಾಗಿ ಹಾಕಿದ ಮಿತಿ ಇದು: 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ. ಅಲ್ಲಿಂದ 3 ಡೆಸಿಬೆಲ್ ಏರಿದ ಹಾಗೆಲ್ಲ ಹೊತ್ತು ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1 ಗಂಟೆ, 97ಕ್ಕೆ ಅರ್ಧ ಗಂಟೆ, 100ಕ್ಕೆ 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಜಾಗಗಳಿಗೆ, ಅಂದರೆ ಕುಣಿಯೋಕೆ ಅಂತಲೇ ಜನ ದುಡ್ಡು ಕೊಟ್ಟು ಹೋಗುವ ಕ್ಲಬ್ಬುಗಳಿಗೂ ಸೇರಿಸಿ, ಒಂದು ಮಾನದಂಡ ಪ್ರಕಟಿಸಿತು. ಅಲ್ಲೂ ಮಿತಿ ಸರಾಸರಿ 100 ಡೆಸಿಬೆಲ್. ಜೊತೆಗೆ ಸದ್ದನ್ನು ಅಳೀತಾ ಇರಬೇಕು, ಕಿವಿಗೆ ಹಾಕಿಕೊಳ್ಳೋಕೆ ಪ್ಲಗ್ ಕೊಡಬೇಕು, ಸದ್ದಿಲ್ಲದ ಒಂದು ಜಾಗ ಇರಬೇಕು ಅಂತಲೂ ಹೇಳಿದೆ. ನಮ್ಮ ಛತ್ರಗಳಲ್ಲಿ ಸದ್ದಿಲ್ಲದ ಜಾಗ ಅಂದರೆ ಚಪ್ಪಲಿ ಬಿಡೋ ಜಾಗ ಒಂದೇ. ಕಿವಿಯೊಳಗೆ ಸದ್ದು ಹಿಡಿಯುವ ಸೂಕ್ಷ್ಮ ಕೋಶಗಳು ಹುಟ್ಟಿದಾಗ ಎಷ್ಟಿವೆಯೋ ಅಷ್ಟೇ, ಸತ್ತರೆ ಮತ್ತೆ ಬೆಳೆಯೋದಿಲ್ಲ. ಹೆದರಿಸೋಕೆ ಹೇಳ್ತಿಲ್ಲ. ಮದುಮಗಳ ಅಕ್ಕನ ತೊಡೆ ಮೇಲೆ, ಸ್ಪೀಕರಿಗೆ ಎರಡನೇ ಸಾಲಿನಲ್ಲಿ, ಕೈಕೂಸು ಇರತ್ತೆ. ಆ ಕೂಸು "ಅಡ್ಜಸ್ಟ್ ಮಾಡ್ಕೋತೀನಿ" ಅಂತ ಹೇಳಿಲ್ಲ.

ಸರಿ, ಇಂಟರ್‌ವ್ಯೂಗೆ ಬರೋಣ. ನಾನು ಮೂವರ ಹತ್ತಿರ ಮಾತಾಡಿದೆ.

ಮೊದಲನೆಯವರು ಫೋನಿನಲ್ಲೇ ಪ್ಯಾಕೇಜು ಒಪ್ಪಿಸಿದರು. "ಸಾರ್, ಸಿಲ್ವರ್ ಅಂದ್ರೆ ಐದು ಸಾವಿರ ವ್ಯಾಟ್, ಗೋಲ್ಡ್ ಅಂದ್ರೆ ಹತ್ತು ಸಾವಿರ ವ್ಯಾಟ್. ಗೋಲ್ಡೇ ತಗೊಳ್ಳಿ ಸಾರ್, ಡಬಲ್ ಸೌಂಡು." ಇಲ್ಲಿ ಮಾತ್ರ ನನ್ನ ಇಂಜಿನಿಯರಿಂಗ್ ಡಿಗ್ರಿ ಕೆಲಸಕ್ಕೆ ಬಂತು. ವ್ಯಾಟ್ ಎರಡು ಪಟ್ಟಾದರೆ ಏರೋದು 3 ಡೆಸಿಬೆಲ್. ಕಿವಿಗೆ "ಸ್ವಲ್ಪ ಜಾಸ್ತಿಯಾಯ್ತು" ಅನ್ನಿಸತ್ತೆ, ಅಷ್ಟೇ. ಕಿವಿಗೆ ಡಬಲ್ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಐದು ಸಾವಿರ ಹೋಗಿ ಐವತ್ತು ಸಾವಿರ ವ್ಯಾಟ್ ಆಗಬೇಕು! ಸಿಲ್ವರಿಗೂ ಗೋಲ್ಡಿಗೂ ನಡುವೆ ಇದ್ದ ದುಡ್ಡಿನ ವ್ಯತ್ಯಾಸ ಆ 3 ಡೆಸಿಬೆಲ್ಲಿನ ಬೆಲೆ. ಪಾಪ, ಅವರ ತಪ್ಪೂ ಅಲ್ಲ. ಜನ ವ್ಯಾಟು ಕೇಳ್ತಾರೆ, ಅವರು ವ್ಯಾಟು ಮಾರ್ತಾರೆ.

ಎರಡನೆಯವರು ಮನೆಗೇ ಬಂದರು. ಲ್ಯಾಪ್‌ಟಾಪ್ ತೆಗೆದು ವಿಡಿಯೋ ತೋರಿಸಿದರು. ಹೊಗೆ, ಲೇಸರು, ಕೆಳಗಿನಿಂದ ಚಿಮ್ಮುವ ಕಿಡಿ. ವಿಡಿಯೋ ನೋಡಿ ಮನೆಯ ಹುಡುಗರೆಲ್ಲ ಫಿದಾ. ಹಾಡು ಯಾವುದು ಹಾಕ್ತೀರಿ ಅಂದರೆ "ಎಲ್ಲಾ ಇದೆ ಸಾರ್" ಅಂದರು. ಕನ್ನಡ ಹಾಡು? "ಅದೂ ಇದೆ ಸಾರ್, ಲಾಸ್ಟಲ್ಲಿ ಒಂದೆರಡು ಹಾಕ್ತೀನಿ." ಮೈಸೂರಿನಲ್ಲಿ, ಕನ್ನಡದವರ ಮದುವೆಯಲ್ಲಿ, ಕನ್ನಡ ಹಾಡು ಉಪ್ಪಿನಕಾಯಿ ಹಾಗೆ ಎಲೆ ತುದಿಗೆ! ಅದು ಇನ್ನೊಂದು ದಿನದ ಜಗಳ, ಇರಲಿ. ಆಮೇಲೆ ಸಣ್ಣ ದನಿಯಲ್ಲಿ, "ಸಾಂಗ್ ಲೈಸೆನ್ಸ್ ಫೀಸು ಬೇರೆ ಆಗತ್ತೆ ಸಾರ್" ಅಂದರು. ಇದನ್ನು ನೀವೂ ಎಲ್ಲಾದರೂ ಕೇಳಿರಬಹುದು, ಅದಕ್ಕೇ ಬರೀತಿದ್ದೀನಿ. ನಮ್ಮ ಕಾಪಿರೈಟ್ ಕಾಯ್ದೆಯ ಕಲಂ 52(1)(ಜೆಡ್‌ಎ) ಪ್ರಕಾರ ಧಾರ್ಮಿಕ ಸಮಾರಂಭದಲ್ಲಿ ಹಾಡು ನುಡಿಸಿದರೆ ಅದು ಉಲ್ಲಂಘನೆ ಅಲ್ಲ. ಮದುವೆ ಮೆರವಣಿಗೆ ಮತ್ತು ಮದುವೆಗೆ ಸಂಬಂಧಪಟ್ಟ ಇತರ ಸಂಭ್ರಮಗಳೂ ಅದರಲ್ಲಿ ಸೇರ್ತವೆ ಅಂತ ವಿವರಣೆಯಲ್ಲೇ ಇದೆ. ಇಂಥ ಸಮಾರಂಭಗಳಿಗೆ ರಾಯಲ್ಟಿ ವಸೂಲಿ ಮಾಡೋದು ಆ ಕಲಮಿಗೆ ವಿರುದ್ಧ ಅಂತ ಕೇಂದ್ರ ಸರ್ಕಾರದ ಇಲಾಖೆ 2023ರ ಜುಲೈನಲ್ಲಿ ಸಾರ್ವಜನಿಕ ಸೂಚನೆಯನ್ನೂ ಹೊರಡಿಸಿತ್ತು. ಅಷ್ಟು ಹೇಳಿದ ಮೇಲೆ ಅವರೂ ಆ ಮಾತು ಬಿಟ್ಟರು.

ಮೂರನೆಯವನು ಚಿಕ್ಕ ಹುಡುಗ, ಇಪ್ಪತ್ತೈದು ಇರಬಹುದು. ಅವನು ಬಂದು ಕೂತವನೇ ನನ್ನನ್ನೇ ಇಂಟರ್‌ವ್ಯೂ ಮಾಡೋಕೆ ಶುರು ಮಾಡಿದ. ಹಾಲ್ ಎಷ್ಟುದ್ದ ಸಾರ್? ನೆಲ ಗ್ರಾನೈಟಾ? ಊಟದ ಹಾಲು ಕೆಳಗಾ, ಪಕ್ಕದಲ್ಲಾ? ವಯಸ್ಸಾದವರು ಎಲ್ಲಿ ಕೂರ್ತಾರೆ? ಕುಣಿಯೋರು ಎಷ್ಟು ಜನ ಇರಬಹುದು? ಕಾಂಪೌಂಡ್ ಆಚೆ ಮನೆಗಳು ಎಷ್ಟು ಹತ್ತಿರ ಇವೆ?

ಅವನು ಹೇಳಿದ ಲೆಕ್ಕ ಸರಳ. ನಮ್ಮ ಛತ್ರಗಳೆಲ್ಲ ಗ್ರಾನೈಟ್ ನೆಲ, ಬೋಳು ಗೋಡೆ, ಸದ್ದನ್ನು ಹೀರಿಕೊಳ್ಳೋಕೆ ಒಂದು ತುಂಡು ಬಟ್ಟೆ ಇರೋದಿಲ್ಲ. ಅಲ್ಲಿ ವಾಲ್ಯೂಮ್ ಏರಿಸಿದಷ್ಟೂ ಗೋಡೆಯಿಂದ ಗೋಡೆಗೆ ಬಡಿದು ಕಲಸುಮೇಲೋಗರ ಆಗತ್ತೆ, ಹಾಡಿನ ಮಾತೇ ತಿಳಿಯೋದಿಲ್ಲ. ಸ್ಟೇಜಿನ ಪಕ್ಕ ಎರಡು ದೊಡ್ಡ ಗೋಪುರ ನಿಲ್ಲಿಸಿ ಕೊನೇ ಸಾಲಿಗೆ ಕೇಳಿಸೋಕೆ ಹೋದರೆ ಮೊದಲ ಸಾಲಿನವರು ಸಾಯ್ತಾರೆ. ಅದರ ಬದಲು ಸಣ್ಣ ಸ್ಪೀಕರುಗಳನ್ನು ಹಾಲಿನ ಉದ್ದಕ್ಕೂ ಹಂಚಿ, ಎಲ್ಲವನ್ನೂ ಮೆಲ್ಲಗೆ ಇಟ್ಟರೆ ಎಲ್ಲರಿಗೂ ಕೇಳತ್ತೆ, ಯಾರಿಗೂ ಬಡಿಯೋದಿಲ್ಲ. ಕುಣಿಯೋ ಜಾಗ ಒಂದು ಮೂಲೆಗೆ, ಅಲ್ಲಿ ಮಾತ್ರ ಸ್ವಲ್ಪ ಗಟ್ಟಿ, ಅದೂ ಹಿರಿಯರು ಊಟಕ್ಕೆ ಎದ್ದ ಮೇಲೆ. ಚಿಕ್ಕಪ್ಪನ ಬಾಳಕದ ಮೆಣಸಿನಕಾಯಿ ಸೂತ್ರವೇ!

ಆಮೇಲೆ ನಾನು ಕೇಳಿದೆ: "ಇಳಿಸಿ ಅಂದ್ರೆ ಇಳಿಸ್ತೀರಾ?"

ಅವನು ನಕ್ಕ. "ಸಾರ್, ಇಳಿಸೋದು ಒಂದು ಬೆರಳಿನ ಕೆಲಸ. ನೀವು ಬಂದು ಇಳಿಸಿ ಅಂತೀರ, ಇಳಿಸ್ತೀನಿ. ಎರಡು ನಿಮಿಷಕ್ಕೆ ಹುಡುಗನ ಫ್ರೆಂಡ್ಸ್ ಬಂದು ಏರಿಸು ಅಂತಾರೆ. ಅವರು ಗಂಡಿನ ಕಡೆಯೋರು, ಇಲ್ಲ ಅನ್ನಂಗಿಲ್ಲ. ಆಮೇಲೆ ಹುಡುಗಿ ಅಪ್ಪ ಬಂದು ಇಷ್ಟು ದುಡ್ಡು ಕೊಟ್ಟಿದ್ದೀನಿ ಸೌಂಡೇ ಇಲ್ಲ ಅಂತಾರೆ. ಯಾರ ಮಾತು ಕೇಳಲಿ ಸಾರ್? ಮೊನ್ನೆ ಒಂದು ಮದುವೆಯಲ್ಲಿ ಇಳಿಸಿದ್ದಕ್ಕೆ ಬ್ಯಾಲೆನ್ಸ್ ದುಡ್ಡು ಹಿಡಿದುಬಿಟ್ರು."

ಇದನ್ನು ಕೇಳಿದ ಮೇಲೆ ನನ್ನ ಸಿಟ್ಟೆಲ್ಲ ಎತ್ತ ತಿರುಗಬೇಕೋ ಅತ್ತ ತಿರುಗಿತು. ನಾವು ದಿನಾ ಬೈತಿರೋ ಡಿಜೆ ಏರಿಸಿದ್ದಕ್ಕೆ ಯಾವತ್ತೂ ದುಡ್ಡು ಕಳ್ಕೊಂಡಿಲ್ಲ, ಇಳಿಸಿದ್ದಕ್ಕೆ ಕಳ್ಕೊಂಡಿದ್ದಾನೆ! ಹಾಗಾದರೆ ಅವನು ಏನು ಮಾಡಬೇಕು ಅಂತ ನಿರೀಕ್ಷೆ? ಮದುವೆಗೆ ಬಂದ ಅತಿಥಿ ಮನೆಗೆ ಹೋಗಿ "ಆ ಡಿಜೆ ಕಿವಿ ಕಿತ್ತಿಟ್ಟ" ಅಂತ ಬೈತಾನೆ. ಬೈಸಿಕೊಳ್ಳಬೇಕಾದ್ದು ಸ್ಟೇಜಿನ ಪಕ್ಕ ರೇಷ್ಮೆ ಪಂಚೆ ಉಟ್ಟು ಕೈಮುಗಿದು ನಿಂತಿರೋ ನಮ್ಮಂಥವರು. ವಾಲಗದವರಿಗೆ ಸನ್ನೆ ಮಾಡೋಕೆ ಪುರೋಹಿತರು ಇದ್ದಾರೆ. ಡಿಜೆಗೆ ಸನ್ನೆ ಮಾಡೋರು ಯಾರೂ ಇಲ್ಲ, ಅಥವಾ ಎಲ್ಲರೂ ಇದ್ದಾರೆ. ಎರಡೂ ಒಂದೇ.

ಇನ್ನೊಂದು ಮಾತು, ಈ ಹುಡುಗರು ವಾರಕ್ಕೆ ನಾಲ್ಕು ಮದುವೆ ಅದೇ ಸ್ಪೀಕರುಗಳ ಪಕ್ಕ ನಿಂತಿರ್ತಾರೆ. ನಾವು ಒಂದು ಸಂಜೆ ಅನುಭವಿಸೋದನ್ನು ಅವರು ಇಡೀ ಸೀಸನ್ ಅನುಭವಿಸ್ತಾರೆ. ಮೇಲೆ ಹೇಳಿದ ನಯೋಶ್ ಲೆಕ್ಕ ನಮಗಿಂತ ಅವರಿಗೇ ಹೆಚ್ಚು ಅನ್ವಯಿಸತ್ತೆ. ಸದ್ದು ಇಳಿಸಿ ಅನ್ನೋದು ಅವರ ಹೊಟ್ಟೆ ಮೇಲೆ ಹೊಡೆದಂತೆ ಅಂತ ವಾದ ಮಾಡೋರು ಇದನ್ನೂ ಯೋಚಿಸಿ. ಒಳ್ಳೇ ಸ್ಪೀಕರು ಹಂಚಿ ಇಡೋಕೆ ಕೇಬಲ್ಲು, ಸಮಯ, ಇನ್ನೊಬ್ಬ ಆಳು ಬೇಕು. ಅದಕ್ಕೆ ಮೂರನೆಯವನ ರೇಟೂ ಜಾಸ್ತಿಯೇ ಇತ್ತು. ಕೊಡೋಣ. ವ್ಯಾಟಿಗೆ ಕೊಡೋ ಬದಲು ಬುದ್ಧಿಗೆ ಕೊಡೋಣ.

ಕಾಂಪೌಂಡಿನ ಆಚೆ ಇರೋರ ವಿಷಯ ಬಿಡೋಹಾಗಿಲ್ಲ. ಕೃಷ್ಣಮೂರ್ತಿಪುರಂ ನೋಡಿದವರಿಗೆ ಗೊತ್ತು, ಹಳೇ ಬಡಾವಣೆ, ಒಂದು ಮನೆಯ ಒಗ್ಗರಣೆ ವಾಸನೆ ಇನ್ನೊಂದು ಮನೆಗೆ ಬರುವಷ್ಟು ಹತ್ತಿರ. ಶಾರದಾ ವಿಲಾಸ ವಿದ್ಯಾಸಂಸ್ಥೆಗಳು ಇಲ್ಲೇ ಇವೆ. ಯಾವ ಮನೆಯಲ್ಲಿ ನೋಡಿದರೂ ಓದೋ ಮಗು ಒಂದು, ಮಲಗಿರೋ ಹಿರಿಯರು ಒಬ್ಬರು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ ಅಂದರೆ ಹತ್ತರಿಂದ ಬೆಳಗ್ಗೆ ಆರು. ಖಾಸಗಿ ಜಾಗದಲ್ಲಿ ಸೌಂಡ್ ಸಿಸ್ಟಮ್ ಹಾಕಿದರೆ ಅದರ ಗಡಿಯಲ್ಲಿ ಈ ಮಿತಿಗಿಂತ 5 ಡೆಸಿಬೆಲ್ ಮಾತ್ರ ಹೆಚ್ಚಿರಬಹುದು. ಅಂದರೆ ನಮ್ಮ ಛತ್ರದ ಕಾಂಪೌಂಡ್ ಗೋಡೆ ಹತ್ತಿರ ರಾತ್ರಿ ಹತ್ತರವರೆಗೆ 60, ಆಮೇಲೆ 50. ಹತ್ತರ ನಂತರ ಧ್ವನಿವರ್ಧಕಕ್ಕೆ ಮುಚ್ಚಿದ ಹಾಲಿನ ಒಳಗಷ್ಟೇ ವಿನಾಯಿತಿ. ಕಿಟಕಿ ಬಾಗಿಲೆಲ್ಲ ತೆರೆದು, ಅಂಗಳದಲ್ಲೊಂದು ಸ್ಪೀಕರ್ ಇಟ್ಟು "ಇದು ಹಾಲು" ಅಂದರೆ ನಡೆಯೋದಿಲ್ಲ. 2005ರ ಜುಲೈ 18ರಂದು ಸುಪ್ರೀಂ ಕೋರ್ಟು ಈ ವಿಷಯದಲ್ಲಿ ಕೊಟ್ಟ ತೀರ್ಪಿನ ಸಾರವೂ ಇದೇ: ನಿಮಗೆ ಸದ್ದು ಮಾಡೋ ಸ್ವಾತಂತ್ರ್ಯ ಇದ್ದರೂ ಕೇಳಲು ಒಲ್ಲದವನ ಕಿವಿಗೆ ಅದನ್ನು ತುಂಬುವ ಹಕ್ಕು ಇಲ್ಲ. ಅದರಲ್ಲೂ ಆ "ಧಂ ಧಂ" ಇದೆಯಲ್ಲ, ಸಬ್‌ವೂಫರಿನದು, ಅದಕ್ಕೆ ಗೋಡೆ ಲೆಕ್ಕಕ್ಕೇ ಇಲ್ಲ. ಹಾಡು ಛತ್ರದಲ್ಲೇ ಉಳಿದು ಬರೀ ಧಂ ಧಂ ನಾಲ್ಕು ಮನೆ ಆಚೆ ಹೋಗಿ ಕೆಲಸ ಮಾಡತ್ತೆ.

"ಪೊಲೀಸರೇ ಸುಮ್ಮನಿರ್ತಾರೆ, ನಿಂದೇನು?" ಅಂತ ನಮ್ಮನೆಯಲ್ಲೇ ಒಬ್ಬರು ಕೇಳಿದರು. ಪಕ್ಕದ ಮನೆಯವರು ದೂರು ಕೊಡೋದಿಲ್ಲ, ನಿಜ. ಯಾಕೆಂದರೆ ಅವರನ್ನೂ ನಾವು ಲಗ್ನಪತ್ರಿಕೆ ಕೊಟ್ಟು ಕರೆದಿರ್ತೀವಿ. ಮದುವೆ ಮನೆಯ ಮೇಲೆ ದೂರು ಕೊಡೋದು ನಮ್ಮಲ್ಲಿ ಅಪಚಾರ. ಅವರ ಆ ದಾಕ್ಷಿಣ್ಯವನ್ನೇ ನಾವು ಪರ್ಮಿಷನ್ ಅಂದುಕೊಂಡಿದ್ದೀವಿ.

ಹಾಗಾದರೆ ಡಿಜೆಗೆ ಏನು ಕೇಳಬೇಕು? ನನ್ನ ಪಟ್ಟಿ ಇದು. ನಿಮ್ಮ ಮನೆಯಲ್ಲಿ ಮದುವೆ ಇದ್ದರೆ ಧಾರಾಳವಾಗಿ ಕಾಪಿ ಹೊಡೀರಿ.

ಒಂದು, ಹಾಲ್ ಬಂದು ನೋಡ್ತೀರಾ? ನೋಡದೇ ರೇಟು ಹೇಳೋರನ್ನು ಬಿಟ್ಟುಬಿಡಿ. ಅಡುಗೆಯವರು ಒಲೆ ನೋಡದೆ ಒಪ್ಪಿಕೊಳ್ತಾರಾ?

ಎರಡು, ಸ್ಪೀಕರು ಎಲ್ಲೆಲ್ಲಿ ಇಡ್ತೀರಿ? "ಸ್ಟೇಜಿನ ಎರಡೂ ಪಕ್ಕ" ಅನ್ನೋದಷ್ಟೇ ಉತ್ತರ ಆದರೆ ಮುಂದಿನ ಪ್ರಶ್ನೆ ಬೇಕಿಲ್ಲ.

ಮೂರು, ಏಳರಿಂದ ಎಂಟೂವರೆ ತನಕ, ಜನ ಬರುವಾಗ, ಏನು ಹಾಕ್ತೀರಿ, ಎಷ್ಟು ಗಟ್ಟಿಯಾಗಿ? ಸಾಲಿನ ಮಧ್ಯ ಇಬ್ಬರು ದನಿ ಏರಿಸದೆ ಮಾತಾಡೋಕೆ ಆಗಬೇಕು, ಅದೇ ಅಳತೆ. ಮೀಟರೂ ಬೇಡ, ಆ್ಯಪೂ ಬೇಡ. ಹಿಂದಿನ ದಿನ ಹೋಗಿ ಇಬ್ಬರು ಅಲ್ಲಿ ನಿಂತು ಮಾತಾಡಿ ನೋಡಿ.

ನಾಲ್ಕು, ಹಾಡಿನ ಪಟ್ಟಿಯಲ್ಲಿ ಅಜ್ಜಿಗೆ ಗೊತ್ತಿರೋ ಹಾಡು ಎಷ್ಟು? ಅದೇ ಹಾಡಿಗೆ ಕುರ್ಚಿಯಲ್ಲಿ ಕೂತೇ ತಾಳ ಹಾಕೋರು ಕುಣಿಯೋರಿಗಿಂತ ಹೆಚ್ಚಿರ್ತಾರೆ.

ಐದು, ಎಷ್ಟು ಗಂಟೆಗೆ ನಿಲ್ಲಿಸ್ತೀರಿ? ಇದನ್ನು ಬರೆದು, ಅಡ್ವಾನ್ಸ್ ರಸೀದಿಯಲ್ಲೇ ಬರೆದು, ಸಹಿ ಹಾಕಿಸಿ.

ಆರನೇ ಪ್ರಶ್ನೆ ಡಿಜೆಗೆ ಅಲ್ಲ, ನಮಗೆ. ಏರಿಸು ಇಳಿಸು ಅಂತ ಹೇಳೋ ಅಧಿಕಾರ ಯಾರ ಕೈಯಲ್ಲಿದೆ? ಎರಡೂ ಕಡೆಯವರು ಕೂತು ಒಂದೇ ಹೆಸರು ಹೇಳಬೇಕು. ಆ ಒಬ್ಬರ ಮಾತು ಬಿಟ್ಟು ಬೇರೆ ಯಾರ ಮಾತೂ ಕೇಳಬೇಡ, ಕೇಳದಿದ್ದರೆ ನಿನ್ನ ದುಡ್ಡಿಗೆ ತೊಂದರೆ ಇಲ್ಲ ಅಂತ ಡಿಜೆಗೆ ಮೊದಲೇ ಹೇಳಿರಬೇಕು. ಬ್ಯಾಲೆನ್ಸ್ ದುಡ್ಡನ್ನು ಆ ಒಬ್ಬರ ಕೈಗೇ ಕೊಟ್ಟಿಡಿ. ಈ ಆರನೆಯದು ಆಗದಿದ್ದರೆ ಮೇಲಿನ ಐದೂ ದಂಡ.

ನಮ್ಮ ಮನೆಯಲ್ಲಿ ಈ ಆರನೆಯದಕ್ಕೇ ಜಾಸ್ತಿ ಜಗಳ ಆಯ್ತು. ಮದುಮಗನ ಕಡೆಯವರು ಏನಂದುಕೊಳ್ತಾರೋ ಅಂತ ಚಿಕ್ಕಪ್ಪನ ಚಿಂತೆ. ಕೊನೆಗೆ ಮದುಮಗಳೇ ಭಾವೀ ಗಂಡನಿಗೆ ಫೋನ್ ಮಾಡಿ ಮಾತಾಡಿದಳು. ಅವನು, "ನಮ್ಮ ತಾತನಿಗೂ ಆ ಸದ್ದು ಆಗಲ್ಲ, ಹೇಗೆ ಹೇಳೋದು ಅಂತ ನಾನೇ ಯೋಚನೆ ಮಾಡ್ತಿದ್ದೆ" ಅಂದನಂತೆ! ಇವರು ಅವರಿಗೋಸ್ಕರ, ಅವರು ಇವರಿಗೋಸ್ಕರ, ಯಾರಿಗೂ ಬೇಡದ ಹತ್ತು ಸಾವಿರ ವ್ಯಾಟು. ಎಷ್ಟು ಮದುವೆಗಳಲ್ಲಿ ಹೀಗೇ ನಡೀತಿದೆಯೋ. ಅಧಿಕಾರ ಮದುಮಗಳ ಸೋದರತ್ತೆಗೆ ಹೋಯಿತು. ನಿವೃತ್ತ ಹೈಸ್ಕೂಲು ಮೇಡಂ. ಮೂವತ್ತು ವರ್ಷ ಅರವತ್ತು ಹುಡುಗರ ಕ್ಲಾಸನ್ನು ಕಣ್ಣಲ್ಲೇ ಸುಮ್ಮನಿರಿಸಿದವರು. ಮೂರನೇ ಹುಡುಗನಿಗೇ ಅಡ್ವಾನ್ಸ್ ಕೊಟ್ಟಾಯ್ತು.

"ಹೀಗೆಲ್ಲ ಮಾಡಿದರೆ ಮಜಾನೇ ಇರಲ್ಲ" ಅನ್ನೋರಿಗೆ ಕೊನೇ ಮಾತು. ಕುಣಿಯೋಕೆ ಬೇಕಾಗಿರೋದು ತಾಳ. ಕಿಟಕಿ ಗಾಜು ಅಲ್ಲಾಡಲೇಬೇಕು ಅಂತೇನಿಲ್ಲ. ಕುಣಿಯೋರು ಮೂವತ್ತು ಜನ, ಕೂತಿರೋರು ನಾನೂರ ಎಪ್ಪತ್ತು ಜನ. ಆ ಮೂವತ್ತು ಜನ ಕುಣೀಲಿ, ಖಂಡಿತ ಕುಣೀಲಿ, ನಾನೂ ಕುಣೀತೀನಿ. ಆದರೆ ಆ ನಾನೂರ ಎಪ್ಪತ್ತು ಜನರನ್ನು ಕೈಮುಗಿದು ಕರೆದವರು ನಾವು. ಪತ್ರಿಕೆಯಲ್ಲಿ "ತಮ್ಮ ಆಗಮನಾಭಿಲಾಷಿಗಳು" ಅಂತ ನಮ್ಮ ಹೆಸರು ಅಚ್ಚಾಗಿರತ್ತೆ. ಬಂದವರು ಒಂದು ಮಾತು ಆಡೋಕೆ ಜಾಗ ಇರಬೇಕು ತಾನೇ?

ಒಪ್ಪದವರು ಕೆಳಗೆ ಬರೆದು ಜಗಳ ಆಡಿ. ಒಪ್ಪಿದವರು ನಿಮ್ಮ ಮನೆಯ ಮುಂದಿನ ಮದುವೆಗೆ ಡಿಜೆ ಹುಡುಕುವ ಮೊದಲು ಆ ಆರನೇ ಪ್ರಶ್ನೆಗೆ ಒಂದು ಹೆಸರು ಬರೆದಿಟ್ಟುಕೊಳ್ಳಿ.